ಕಮೋಡ್ ಕೊಳ್ಳುವ ಮುಂಚೆ ಪ್ಲಂಬರನ್ನು ಕರೆಯಿರಿ: ಮನೆ ಮಾಲೀಕರಿಗೊಂದು ಬಹಿರಂಗ ಪತ್ರ

ಮನೆ ಕಟ್ಟಿಸುತ್ತಿರುವ, ಹಳೇ ಮನೆಯ ರಿಪೇರಿಗೆ ಕೈ ಹಾಕಿರುವ, ಮನೆಯನ್ನು ಬಾಡಿಗೆಗೆ ಕೊಟ್ಟಿರುವ ಎಲ್ಲ ಯಜಮಾನರಿಗೆ ಮತ್ತು ಯಜಮಾನಿಯರಿಗೆ,



ನಾನು ದಾವಣಗೆರೆಯಲ್ಲಿ ಸ್ಯಾನಿಟರಿ ಸಾಮಾನಿನ ಅಂಗಡಿ ನಡೆಸುತ್ತೇನೆ. ಕಮೋಡು, ಪೈಪು, ನಲ್ಲಿ, ವಾಷರು ಮಾರುವುದು ನನ್ನ ಕಸುಬು. ನಮ್ಮಂಥವರ ಕೌಂಟರಿಗೆ ಎರಡು ಬಗೆಯ ಜನ ಬರುತ್ತಾರೆ. ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೇ ಬಂದು ನಿಂತು, ಬೈಕಿಗೆ ಪೈಪು ಕಟ್ಟಿಕೊಂಡು ಹೋಗುವ ಪ್ಲಂಬರುಗಳು. ಸಂಜೆಯ ಹೊತ್ತು, ರಜೆಯ ದಿನ, ಮನೆಮಂದಿಯನ್ನು ಕರೆದುಕೊಂಡು ಬರುವ ನೀವು. ನಿಮ್ಮ ಬಗ್ಗೆ ಅವರಾಡುವ ಮಾತನ್ನೂ ಅವರ ಬಗ್ಗೆ ನೀವಾಡುವ ಮಾತನ್ನೂ ನಾನು ಒಂದೇ ಜಾಗದಲ್ಲಿ ನಿಂತು ಕೇಳುತ್ತೇನೆ. ನೀವಿಬ್ಬರೂ ಒಟ್ಟಿಗೆ ಅಂಗಡಿಗೆ ಬಂದದ್ದನ್ನು ನೋಡಿರುವುದು ಮಾತ್ರ ಬಹಳ ಕಡಿಮೆ. ಈ ಪತ್ರ ಬರೆಯಲು ಅದೇ ಕಾರಣ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಶೌಚಾಲಯದ ಕೆಲಸಕ್ಕೆ ನಿಮ್ಮ ಬಡಾವಣೆಯ ಪ್ಲಂಬರನ್ನು ಎಲ್ಲರಿಗಿಂತ ಮೊದಲು ಕರೆಯಿರಿ. ಈಗ ಅವರನ್ನು ಕರೆಯುವುದು ಎಲ್ಲರಿಗಿಂತ ಕೊನೆಗೆ. ಎಂಜಿನಿಯರ್ ನಕ್ಷೆ ಕೊಟ್ಟಾಗಿರುತ್ತದೆ, ಮೇಸ್ತ್ರಿ ಗೋಡೆ ಎಬ್ಬಿಸಿ ಆಗಿರುತ್ತದೆ, ಟೈಲ್ಸ್ ಬಣ್ಣ ಒಪ್ಪಿಗೆಯಾಗಿರುತ್ತದೆ, ಕಮೋಡು ಡಬ್ಬದ ಸಮೇತ ಹಾಲ್‌ನಲ್ಲಿ ಬಂದು ಕೂತಿರುತ್ತದೆ. ಆಮೇಲೆ ಫೋನು ಹೋಗುತ್ತದೆ: "ನಾಳೆ ಬಂದು ಫಿಟ್ ಮಾಡಿ ಹೋಗಪ್ಪಾ." ಅಷ್ಟು ಹೊತ್ತಿಗೆ ಆ ಪ್ಲಂಬರ್ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಕಳೆದ ದೀಪಾವಳಿಯ ಆಸುಪಾಸಿನಲ್ಲಿ ನಿಟುವಳ್ಳಿ ಕಡೆಯ ದಂಪತಿ ಬಂದಿದ್ದರು. ಮಗನ ಮದುವೆಯೊಳಗೆ ಮೇಲಿನ ಮನೆ ಮುಗಿಸುವ ಆತುರ ಅವರದು. ಬೇರೆಲ್ಲೋ ಆಫರಿನಲ್ಲಿ ಕೊಂಡಿದ್ದ ಕಮೋಡನ್ನು ಆಟೋದಲ್ಲಿ ಹೇರಿಕೊಂಡು ಬಂದು, "ಅಕ್ಕಾರೆ, ಇದನ್ನ ಇಟ್ಕಂಡು ಬೇರೇದು ಕೊಡ್ರಿ" ಎಂದರು. ಅವರ ಮನೆಯ ನೆಲದಲ್ಲಿ ಮಲದ ಪೈಪು ಗೋಡೆಯಿಂದ ಒಂಬತ್ತು ಇಂಚು ದೂರಕ್ಕೆ ಬಂದಿದೆ. ಕಮೋಡು ಹನ್ನೆರಡು ಇಂಚಿನದು. ಅದು ಕೂರಬೇಕೆಂದರೆ ಹಿಂಬದಿ ಮೂರು ಇಂಚು ಗೋಡೆಯೊಳಗೇ ಹೋಗಬೇಕು! ಬದಲಿಸಿ ಕೊಡೋಣವೆಂದರೆ ಅದಕ್ಕೆ ಆಗಲೇ ಬಿಳಿ ಸಿಮೆಂಟು ಮೆತ್ತಿತ್ತು, ನಮ್ಮಲ್ಲಿ ಕೊಂಡದ್ದೂ ಆಗಿರಲಿಲ್ಲ. ಕೊನೆಗೆ ಅವರು ಹೊಸ ಟೈಲ್ಸ್ ಒಡೆಸಿ ಪೈಪನ್ನೇ ಸರಿಸಿದರು. ಒಡೆಯುವಾಗ ಕೆಳಗಿನ ವಾಟರ್‌ಪ್ರೂಫಿಂಗ್ ಹರಿಯಿತು. ಈಗ ಕೆಳಮನೆಯ ಅಡುಗೆಮನೆ ಸೂರಿನಲ್ಲಿ ತೇವ ಹಬ್ಬುತ್ತಿದೆ ಎಂದು ಆ ತಾಯಿ ಮತ್ತೆ ಬಂದು ಹೇಳಿದರು. ಅವರಿಗೆ ಟೇಪು ಹಿಡಿದು ಒಂದು ಅಳತೆ ಹೇಳುವ ಪ್ಲಂಬರ್ ಎರಡು ಬೀದಿ ಆಚೆಗೇ ಇದ್ದಾರೆ; ನನಗೆ ಅವರು ಚೆನ್ನಾಗಿ ಗೊತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

ಹಾಗಾಗಿ ಈ ಅಳತೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಕಮೋಡಿನಲ್ಲಿ ಎರಡು ಜಾತಿ. ಮಲ ನೀರು ನೆಲದೊಳಕ್ಕೆ ಇಳಿಯುವುದು ಎಸ್ ಟ್ರ್ಯಾಪ್, ಹಿಂದಿನ ಗೋಡೆಯೊಳಕ್ಕೆ ಹೋಗುವುದು ಪಿ ಟ್ರ್ಯಾಪ್. ಎಸ್ ಟ್ರ್ಯಾಪಿನಲ್ಲಿ ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ದೂರ ಎನ್ನುವುದರ ಮೇಲೆ ನಾಲ್ಕು ಇಂಚು, ಒಂಬತ್ತು ಇಂಚು, ಹನ್ನೆರಡು ಇಂಚು ಎಂದು ಮಾಲು ಬರುತ್ತದೆ. ಈ ದೂರವನ್ನು ಅಳೆಯಬೇಕಾದ್ದು ಇಟ್ಟಿಗೆ ಗೋಡೆಯಿಂದ ಅಲ್ಲ. ಗಾರೆ ಆಗಿ, ಅದರ ಮೇಲೆ ಟೈಲ್ಸ್ ಕೂತ ಮೇಲೆ ಗೋಡೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ. ಗಾರೆ, ಟೈಲ್ಸ್ ಸೇರಿದರೆ ಒಂದು ಒಂದೂವರೆ ಇಂಚನ್ನು ತಿಂದುಬಿಡುತ್ತವೆ. ಬರಿಗೋಡೆಯಿಂದ ಒಂಬತ್ತು ಇಂಚಿಗೆ ಪೈಪು ಬಿಟ್ಟ ಮನೆಯಲ್ಲಿ ಕೊನೆಗೆ ಉಳಿಯುವುದು ಏಳೂವರೆ. ಅನುಭವಸ್ಥ ಪ್ಲಂಬರ್ ಈ ಲೆಕ್ಕವನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ. ಮಾದರಿ ನಂಬರನ್ನು ಅವರಿಗೆ ಮೊದಲೇ ಕೊಟ್ಟರೆ ಪೈಪನ್ನು ಅದಕ್ಕೆ ತಕ್ಕಂತೆ ಬಿಡುತ್ತಾರೆ.

ಗೋಡೆಗೆ ತೂಗುಹಾಕುವ ಕಮೋಡು ಈಗ ಎಲ್ಲರಿಗೂ ಬೇಕು. ನೋಡಲು ಚೆಂದ, ಅಡಿಯಲ್ಲಿ ಒರೆಸಲು ಸಲೀಸು, ನಾನೇ ಮಾರುತ್ತೇನೆ. ಆದರೆ ನಾಲ್ಕೂವರೆ ಇಂಚಿನ ಅಡ್ಡಗೋಡೆಗೆ, ಟೊಳ್ಳು ಬ್ಲಾಕಿನ ಗೋಡೆಗೆ ಬರೀ ಬೋಲ್ಟು ಹೊಡೆದು ಅದನ್ನು ನಿಲ್ಲಿಸಲಾಗದು. ಹಿಂದೆ ಕಾಂಕ್ರೀಟಿನ ಬಲ ಬೇಕು, ಇಲ್ಲವೇ ನೆಲಕ್ಕೆ ಕಾಲೂರಿ ನಿಲ್ಲುವ ಕಬ್ಬಿಣದ ಫ್ರೇಮು ಬೇಕು. ಅದನ್ನು ತೀರ್ಮಾನಿಸುವುದು ಗೋಡೆ ಕಟ್ಟುವಾಗ. ಮನೆಯಲ್ಲಿ ವಯಸ್ಸಾದವರಿದ್ದರೆ, ಅಥವಾ ನಿಮಗೇ ಮುಂದೆ ವಯಸ್ಸಾಗುತ್ತದೆ ಎಂಬ ಎಚ್ಚರವಿದ್ದರೆ, ಹಿಡಿದು ಏಳಲು ಬೇಕಾದ ಸ್ಟೀಲ್ ಸರಳಿಗೂ ಆ ಹೊತ್ತಿನಲ್ಲೇ ಗೋಡೆಯಲ್ಲಿ ಜಾಗ ಗಟ್ಟಿ ಮಾಡಿಸಿ. ಮೊಣಕಾಲು ನೋವಿನವರಿಗೆ ಕಮೋಡು ಎರಡು ಇಂಚು ಎತ್ತರವಿದ್ದರೆ ಎಷ್ಟು ಹಗುರ ಎಂದು ಅವರನ್ನೇ ಕೇಳಿ. ಬಾತ್‌ರೂಮಿನ ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರನ್ನು ಎತ್ತಲು ಬಾಗಿಲು ಒಡೆಯಬೇಕಾಗುವುದಿಲ್ಲ.

ಇನ್ನು ಟೈಲ್ಸ್ ಕೆಳಗೆ ಹೂತುಹೋಗುವ ಕೆಲಸ. ಅಂಗಡಿಯಲ್ಲಿ ನಿಂತು ನಾನು ತೀರ ಸಂಕಟಪಡುವುದು ಇದರ ಬಗ್ಗೆಯೇ. ಟಿವಿ ಗೋಡೆಯ ವಿನ್ಯಾಸಕ್ಕೆ ತಿಂಗಳುಗಟ್ಟಲೆ ಚರ್ಚೆ ಮಾಡುವ ಕುಟುಂಬ, ಶೌಚಾಲಯದ ಪೈಪು ಯಾವ ಇಳಿಜಾರಿನಲ್ಲಿದೆ ಎಂದು ಒಮ್ಮೆಯೂ ಬಗ್ಗಿ ನೋಡುವುದಿಲ್ಲ. ನಾಲ್ಕು ಇಂಚಿನ ಮಲದ ಪೈಪಿಗೆ ನಲವತ್ತಕ್ಕೆ ಒಂದರ ಇಳಿಜಾರು ಬೇಕು, ಅಂದರೆ ಹತ್ತು ಅಡಿ ಉದ್ದಕ್ಕೆ ಮೂರು ಇಂಚು ಇಳಿಯಬೇಕು. ತಿರುವು ಬಂದಲ್ಲಿ ಒಂದೇ ಸಲ ತೊಂಬತ್ತು ಡಿಗ್ರಿಗೆ ಮುರಿಯುವ ಬದಲು ನಲವತ್ತೈದರ ಎರಡು ಬೆಂಡ್ ಹಾಕಿದರೆ ಮಲ ಅಲ್ಲಿ ತಂಗುವುದಿಲ್ಲ. ಎಲ್ಲಾದರೂ ಕಟ್ಟಿಕೊಂಡರೆ ಬಿಚ್ಚಿ ನೋಡಲು ಒಂದು ಡೋರ್ ಬೆಂಡ್ ಬೇಕು. ಇವೆಲ್ಲ ಸಂಕನ್ ಸ್ಲ್ಯಾಬಿನ, ಅಂದರೆ ಬಾತ್‌ರೂಮಿಗೆಂದು ತಗ್ಗಿಸಿ ಹಾಕಿದ ಸ್ಲ್ಯಾಬಿನ, ಗುಂಡಿಯಲ್ಲಿ ಕೆಲವೇ ದಿನ ಕಣ್ಣಿಗೆ ಕಾಣುತ್ತವೆ. ಆಮೇಲೆ ಅದರ ಮೇಲೆ ತುಂಬು ಬೀಳುತ್ತದೆ. ಆ ದಿನಗಳಲ್ಲಿ ನೀವು ಅಲ್ಲಿರಬೇಕು. ಆಫೀಸಿಗೆ ರಜೆ ಹಾಕಿಯಾದರೂ ಇರಬೇಕು.

ಆಗ ಏನು ನೋಡಬೇಕು? ತುಂಬು ಬೀಳುವ ಮುಂಚೆ, ವಾಟರ್‌ಪ್ರೂಫಿಂಗ್ ಆದ ಗುಂಡಿಯಲ್ಲಿ ನೀರು ಕಟ್ಟಿ 48 ಗಂಟೆ ಬಿಡಲು ಹೇಳಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಡಿ, ಕೆಳಗಿನ ಸೂರನ್ನು ಮುಟ್ಟಿ ನೋಡಿ. ಬಿಸಿನೀರು ತಣ್ಣೀರಿನ ಸಿಪಿವಿಸಿ ಪೈಪಿಗೆ ಕೈಪಂಪಿನಲ್ಲಿ ಒತ್ತಡ ಕೊಟ್ಟು ಗೇಜಿನ ಮುಳ್ಳು ನಿಂತಲ್ಲೇ ನಿಲ್ಲುತ್ತದೆಯೇ ನೋಡಿ. ಅಂಟು ಒಣಗಲು ಹೊತ್ತು ಕೊಡದೆ ನೀರು ಬಿಟ್ಟರೆ ಜಾಯಿಂಟು ಸೋರುತ್ತದೆ, ಹಾಗಾಗಿ ಅವಸರ ಮಾಡಬೇಡಿ. ಬಾಯಿ ತೆರೆದ ಪೈಪುಗಳಿಗೆಲ್ಲ ಎಂಡ್ ಕ್ಯಾಪ್ ಹಾಕಿಸಿ. ಕೆಲವೇ ರೂಪಾಯಿಯ ಆ ಕ್ಯಾಪು ಉಳಿಸಲು ಗೋಣಿ ತುಂಡು ತುರುಕಿಟ್ಟ ಮನೆಗಳಲ್ಲಿ, ಗೃಹಪ್ರವೇಶಕ್ಕೆ ಬಂದ ನೆಂಟರು ಹೋಗುವ ಮುಂಚೆಯೇ ಶೌಚಾಲಯ ಕಟ್ಟಿಕೊಂಡದ್ದುಂಟು. ಒಳಗಿಂದ ಬಂದದ್ದು ಸಿಮೆಂಟಿನ ಗಡ್ಡೆ ಮತ್ತು ಅದೇ ಗೋಣಿ. ಕೊನೆಯದಾಗಿ, ಗೋಡೆ ನೆಲ ಮುಚ್ಚುವ ಮುಂಚೆ ಪೈಪಿನ ಪಕ್ಕದಲ್ಲಿ ಟೇಪು ಇಟ್ಟು ಎಲ್ಲ ಗೋಡೆಗಳ ಫೋಟೋ ತೆಗೆಯಿರಿ. ಮುಂದೆ ಕನ್ನಡಿ ನೇತುಹಾಕಲು ಡ್ರಿಲ್ ಹಿಡಿದವರು ಪೈಪಿಗೇ ತೂತು ಹಾಕದಂತೆ ಕಾಯುವುದು ಈ ಫೋಟೋ.

ಗಾಳಿಯಾಡಲೆಂದು ಮಲದ ಪೈಪಿನಿಂದ ತಾರಸಿಯವರೆಗೆ ಏರಿಸುವ ವೆಂಟ್ ಪೈಪಿನ ಬಗ್ಗೆಯೂ ಒಂದು ಮಾತು. ಕಮೋಡಿನ ಕತ್ತಿನಲ್ಲಿ ಸದಾ ನಿಂತಿರುವ ಎರಡು ಇಂಚು ನೀರೇ ಚರಂಡಿಯ ಗಾಳಿಯನ್ನು ಮನೆಯೊಳಗೆ ಬಾರದಂತೆ ತಡೆಯುವ ಬಾಗಿಲು. ಫ್ಲಷ್ ಮಾಡಿದಾಗ ಪೈಪಿನೊಳಗೆ ಗಾಳಿ ಓಡಾಡಲು ಜಾಗವಿಲ್ಲದಿದ್ದರೆ ಆ ನೀರನ್ನು ಪೈಪು ಎಳೆದುಕೊಂಡುಬಿಡುತ್ತದೆ. ಒಂದೇ ತೂತಿನ ಡಬ್ಬದಿಂದ ಎಣ್ಣೆ ಸುರಿಯುವಾಗ ಬರುವ ಗುಳುಗುಳು ಸದ್ದು ನಿಮ್ಮ ಬಾತ್‌ರೂಮಿನ ನೆಲದ ಜಾಲಿಯ ಕೆಳಗಿರುವ ನಾನಿ ಟ್ರ್ಯಾಪಿನಿಂದ ಬರುತ್ತಿದ್ದರೆ ತಾರಸಿಗೆ ಹೋಗಿ ನೋಡಿ. ಸೋಲಾರ್ ಕೂರಿಸಿದವರೋ, ತಾರಸಿಗೆ ಗಾರೆ ಮಾಡಿದವರೋ ವೆಂಟ್ ಪೈಪನ್ನು ಕತ್ತರಿಸಿ ಮುಚ್ಚಿರುವ ಸಾಧ್ಯತೆ ಬಹಳ. ಆ ವಾಸನೆಗೆ ಪರಿಮಳದ ಬಿಲ್ಲೆ ನೇತುಹಾಕಿ ಪ್ರಯೋಜನವಿಲ್ಲ. ಬಳಸದೆ ಬಿಟ್ಟಿರುವ ಅತಿಥಿ ಕೋಣೆಯ ಬಾತ್‌ರೂಮು ನಾರಿದರೆ ಮಾತ್ರ ಪ್ಲಂಬರನ್ನು ಕರೆಯುವ ಮೊದಲು ನಾನಿ ಟ್ರ್ಯಾಪಿಗೆ ಎರಡು ಚೊಂಬು ನೀರು ಹಾಕಿ. ಅಲ್ಲಿನ ನೀರು ಆರಿರುತ್ತದೆ, ಬೇರೇನಲ್ಲ.

ಈಗ, ಆ ಪ್ಲಂಬರ್ ಯಾರು, ಅವರನ್ನು ಎಲ್ಲಿ ಹುಡುಕುವುದು ಎಂಬ ಪ್ರಶ್ನೆ.

ಮೊಬೈಲಿನಲ್ಲಿ ಬುಕ್ ಮಾಡಿದರೆ ಬರುವವರನ್ನು ನಾನು ಹೀಗಳೆಯುವುದಿಲ್ಲ. ಅವರಲ್ಲೂ ಕೆಲಸ ಬಲ್ಲವರಿದ್ದಾರೆ. ಆದರೆ ಶೌಚಾಲಯದ ಕೆಲಸಕ್ಕೆ ನೆನಪು ಬೇಕು. ನಿಮ್ಮ ಬೀದಿಯ ಯುಜಿಡಿ (ಒಳಚರಂಡಿ) ಲೈನು ಎಷ್ಟು ಆಳದಲ್ಲಿದೆ, ಯಾವ ಚೇಂಬರು ಮಳೆಗಾಲದಲ್ಲಿ ಉಕ್ಕುತ್ತದೆ, ನಿಮ್ಮ ಮನೆಯ ಹಳೇ ಜಿಐ ಪೈಪು ಗೋಡೆಯಲ್ಲಿ ಎಲ್ಲಿ ತಿರುಗಿದೆ, ಬೋರ್‌ವೆಲ್ ನೀರು ಎಷ್ಟು ಗಡಸು, ಇದೆಲ್ಲ ಒಮ್ಮೆ ಬಂದು ಹೋಗುವವರಿಗೆ ತಿಳಿಯದು. ನಮ್ಮ ಕಡೆ ಎರೆಮಣ್ಣಿರುವ ಜಾಗಗಳಲ್ಲಿ ಬೇಸಿಗೆಗೆ ನೆಲ ಬಿರಿದು ಮಳೆಗೆ ಉಬ್ಬುತ್ತದೆ. ಸರಿಯಾದ ತಳಪಾಯವಿಲ್ಲದ ಚೇಂಬರು ವಾಲಿ, ಪೈಪಿನ ಜಾಯಿಂಟು ಬಾಯಿ ಬಿಡುತ್ತದೆ. ಹೊರಗಿನಿಂದ ಬಂದವರು ಕಮೋಡಿನೊಳಗೆ ಕೋಲು ಆಡಿಸುತ್ತಿರುತ್ತಾರೆ. ಅದೇ ಬಡಾವಣೆಯವರು ನೇರ ಅಂಗಳಕ್ಕೆ ಹೋಗಿ ಚೇಂಬರಿನ ಮುಚ್ಚಳ ಎತ್ತುತ್ತಾರೆ.

ಸ್ಥಳೀಯರು ಎಂದರೆ ಇಲ್ಲೇ ಹುಟ್ಟಿದವರು ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶದ ನಗರಗಳಲ್ಲಿ ಪ್ಲಂಬಿಂಗ್ ಮಾಡುವ ಎಷ್ಟೋ ಮಂದಿ ಒಡಿಶಾದ ಕೇಂದ್ರಾಪಡಾ ಜಿಲ್ಲೆಯವರು. ಅಲ್ಲಿನ ಪಟ್ಟಾಮುಂಡೈಯಲ್ಲಿ ಈ ಕಸುಬು ಕಲಿಸಲೆಂದೇ ಸರ್ಕಾರದ ಸಂಸ್ಥೆಯಿದೆ. ಬೆಂಗಳೂರಿನಲ್ಲಂತೂ ಆ ಊರಿನವರು ಬೇಕಾದಷ್ಟು ಜನ. ನಮ್ಮಲ್ಲಿ ಐಟಿಐನ ಒಂದು ವರ್ಷದ ಪ್ಲಂಬರ್ ಕೋರ್ಸು ಮುಗಿಸಿದ ಹುಡುಗರಿದ್ದಾರೆ, ಅಪ್ಪನ ಜೊತೆ ಪೈಪು ಹಿಡಿದು ಕಲಿತವರಿದ್ದಾರೆ. ನಿಮ್ಮ ಪಕ್ಕದ ಬೀದಿಯಲ್ಲಿ ಸಂಸಾರ ಮಾಡಿಕೊಂಡಿದ್ದು, ನಾಳೆ ಸೋರಿದರೆ ಫೋನ್ ಎತ್ತುವವರು ಯಾರೋ ಅವರೇ ಸ್ಥಳೀಯರು. ಅಂಥವರ ಹೆಸರು ನೆರೆಮನೆಯವರಲ್ಲಿ ಕೇಳಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಎರಡು ವರ್ಷ ಹಿಂದೆ ಅವರು ಮಾಡಿದ ಒಂದು ಬಾತ್‌ರೂಮನ್ನು ಹೋಗಿ ನೋಡಿ. ಈಗಷ್ಟೇ ಮುಗಿಸಿದ್ದನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಬೀದಿಯ ಯುಜಿಡಿಗೆ ಹೊಸ ಸಂಪರ್ಕ ಬೇಕಿದ್ದರೆ ಪಾಲಿಕೆಯ ಅನುಮತಿ ಇಲ್ಲದೆ ರಸ್ತೆ ಅಗೆಸಬೇಡಿ. ಬೆಂಗಳೂರಿನವರಾದರೆ ಜಲಮಂಡಳಿಯ ಪರವಾನಗಿ ಇರುವ ಪ್ಲಂಬರ್ ಮೂಲಕವೇ ಹೋಗಿ. ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಮಳೆ ಬಂದ ದಿನ ಬೀದಿಯ ಮ್ಯಾನ್‌ಹೋಲ್ ಉಕ್ಕಿ ತಗ್ಗಿನ ಮನೆಯವರ ಬಾತ್‌ರೂಮಿನಲ್ಲಿ ಮಲ ಏಳುವುದಕ್ಕೆ ಇಂಥ ಕಳ್ಳ ಜೋಡಣೆಯೇ ದೊಡ್ಡ ಕಾರಣ.

ದುಡ್ಡಿನ ಮಾತಿಗೆ ಬರೋಣ. ನಮ್ಮ ವ್ಯಾಪಾರದಲ್ಲಿ ಗಿರಾಕಿ ಕರೆತಂದ ಪ್ಲಂಬರಿಗೆ ಅಂಗಡಿಯವರು ಕಮಿಷನ್ ಕೊಡುವ ರೂಢಿ ಇದೆ. ನಿಮಗೂ ಗೊತ್ತು, ಗೊತ್ತಿಲ್ಲದವರು ಈಗ ತಿಳಿಯಿರಿ. ಈ ರೂಢಿ ಬೆಳೆದದ್ದು ನೀವು ಅವರ ಬುದ್ಧಿಗೆ ಬೆಲೆ ಕೊಡದ ಕಾರಣಕ್ಕೆ ಎಂದು ನನಗನಿಸುತ್ತದೆ. ಪ್ಲಂಬರ್ ಮನೆಗೆ ಬಂದು, ಅಳೆದು, ಇಂಥ ಕಮೋಡು ಆಗುತ್ತದೆ ಇಂಥದ್ದು ಆಗುವುದಿಲ್ಲ ಎಂದು ಹೇಳಿ, ಸಾಮಾನಿನ ಪಟ್ಟಿ ಬರೆದುಕೊಟ್ಟರೆ ಅದಕ್ಕೆ ನೀವು ಒಂದು ರೂಪಾಯಿ ಕೊಡುವುದಿಲ್ಲ. "ನೋಡಿದ್ದಕ್ಕೂ ದುಡ್ಡಾ?" ಎನ್ನುತ್ತೀರಿ. ದಯವಿಟ್ಟು ಕೊಡಿ. ನೋಡಲು ಬಂದದ್ದಕ್ಕೆ ಇಷ್ಟು, ಕೆಲಸಕ್ಕೆ ಇಷ್ಟು ಎಂದು ಮೊದಲೇ ಮಾತಾಡಿ. ಲೇಬರು ಪಾಯಿಂಟಿನ ಲೆಕ್ಕವೋ, ಬಾತ್‌ರೂಮಿನ ಲೆಕ್ಕವೋ, ದಿನಗೂಲಿಯೋ ಎಂದು ಚೀಟಿಯಲ್ಲಿ ಬರೆದಿಡಿ. ಟೈಲ್ಸ್ ಒಡೆದರೆ ಕೂರಿಸುವವರು ಯಾರು ಎಂಬುದನ್ನೂ ಬರೆಯಿರಿ. ಪಟ್ಟಿ ಅವರದಾಗಲಿ, ಬಿಲ್ಲು ನಿಮ್ಮ ಹೆಸರಿನಲ್ಲಾಗಲಿ, ಪೈಪಿನ ಮೇಲೆ ಐಎಸ್‌ಐ ಗುರುತನ್ನು ಇಬ್ಬರೂ ನೋಡಿ. ಆಗ ಅವರು ಅಂಗಡಿಯ ಕಮಿಷನ್ನಿಗೆ ಕೈಚಾಚುವ ಅಗತ್ಯ ಉಳಿಯುವುದಿಲ್ಲ, ನಿಮಗೂ ಅನುಮಾನ ಉಳಿಯುವುದಿಲ್ಲ. "ಐದು ನಿಮಿಷದ ಕೆಲಸಕ್ಕೆ ಇಷ್ಟಾ" ಎಂಬ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಎಲ್ಲಿ ಸೋರುತ್ತಿದೆ ಎಂದು ಐದು ನಿಮಿಷದಲ್ಲಿ ಹಿಡಿಯಲು ಅವರು ಹತ್ತಾರು ವರ್ಷ ಕೊಳಕು ನೀರಿನಲ್ಲಿ ಕೈಯಿಟ್ಟಿದ್ದಾರೆ. ತಡಕಾಡಿ ನಾಲ್ಕು ಟೈಲ್ಸ್ ಒಡೆದವರಿಗೆ ನೀವು ಇಡೀ ದಿನದ ಕೂಲಿಯನ್ನು ಸಂತೋಷದಿಂದ ಕೊಡುತ್ತೀರಿ. ಇದು ನ್ಯಾಯವೇ?

ರಿಪೇರಿಗೆ ಕರೆಯುವ ಮೊದಲು ನೀವೇ ತಿಳಿದುಕೊಳ್ಳಬಹುದಾದದ್ದೂ ಇದೆ. ಫ್ಲಷ್ ಟ್ಯಾಂಕು ಸದ್ದಿಲ್ಲದೆ ಸೋರುತ್ತಿದೆಯೇ ಎಂದು ನೋಡಲು, ಜಿಲೇಬಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಟ್ಯಾಂಕಿನ ನೀರಿಗೆ ಹಾಕಿ ಅರ್ಧ ಗಂಟೆ ಯಾರೂ ಫ್ಲಷ್ ಮಾಡಬೇಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಸವೆದಿದೆ ಅಥವಾ ಗಡಸು ನೀರಿನ ಸುಣ್ಣ ಅದಕ್ಕೆ ಕಟ್ಟಿದೆ. ಸಣ್ಣ ವಾಷರಿನಲ್ಲಿ ಮುಗಿಯುವ ಕೆಲಸ. ದೊಡ್ಡದಕ್ಕೆ ಆರು ಲೀಟರು, ಸಣ್ಣದಕ್ಕೆ ಮೂರು ಲೀಟರು ಬಿಡುವ ಎರಡು ಗುಂಡಿಯ ಟ್ಯಾಂಕನ್ನು ನೀರು ಉಳಿಸಲೆಂದು ಕೊಂಡು, ವಾಷರ್ ಸೋರಲು ಬಿಟ್ಟರೆ ಉಳಿಸಿದ್ದೆಲ್ಲ ಹರಿದುಹೋಗುತ್ತದೆ. ನಲ್ಲಿಯಲ್ಲಿ ದಿನಾ ನೀರು ಬಾರದ ಊರಿನವರು ನಾವು. ಟ್ಯಾಂಕನ್ನು ಗೋಡೆಯೊಳಗೆ ಹೂಳಿಸಿದ್ದರೆ, ಗುಂಡಿಯ ಫಲಕ ಬಿಚ್ಚಿ ಒಳಗೆ ಕೈಯಾಡುವಂತೆ ಕೂರಿಸಿದ್ದಾರೆಯೇ ಎಂದು ಕೆಲಸ ಒಪ್ಪಿಕೊಳ್ಳುವಾಗಲೇ ಬಿಚ್ಚಿಸಿ ನೋಡಿ. ಊರಿಗೆ ಹೋಗುವಾಗ ಜೆಟ್ ಸ್ಪ್ರೇಯ ಆಂಗಲ್ ಕಾಕ್ ತಿರುಗಿಸಿ ಹೋಗಿ. ಆ ಮೆತ್ತನೆ ಪೈಪು ಒತ್ತಡಕ್ಕೆ ಒಡೆದು ಮನೆಯೆಲ್ಲ ನೀರಾದ ಸುದ್ದಿ ಬೇಸಿಗೆ ರಜೆಯಲ್ಲಿ ಬರುತ್ತಲೇ ಇರುತ್ತದೆ.

ಪ್ಯಾಡು, ಡಯಾಪರ್, ವೆಟ್ ವೈಪ್ಸ್ ಕಮೋಡಿಗೆ ಹೋಗಬಾರದು. ಹೆಣ್ಣುಮಕ್ಕಳಿರುವ ಪ್ರತಿ ಮನೆಯ ಶೌಚಾಲಯದಲ್ಲೂ ಮುಚ್ಚಳವಿರುವ ಒಂದು ಸಣ್ಣ ಕಸದ ಡಬ್ಬಿ ಇಡಿ. ಬಾಡಿಗೆಗೆ ಕೊಟ್ಟ ಮನೆಯಲ್ಲೂ ಇಡಿ. ಡಬ್ಬಿ ಇಲ್ಲದ ಮನೆಯಲ್ಲಿ ಪ್ಯಾಡನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಫ್ಲಷ್ ಮಾಡಿದ ಹುಡುಗಿಯರ ಮೇಲೆ ಸಿಟ್ಟು ಮಾಡುವುದು ಸರಿಯಲ್ಲ. ಬಾಡಿಗೆದಾರರ ಶೌಚಾಲಯ ಕಟ್ಟಿಕೊಂಡಾಗ ವಾರಗಟ್ಟಲೆ ತಳ್ಳಬೇಡಿ, ಅವರು ಆ ಕೊಳಕು ನೀರಿನ ನಡುವೆಯೇ ಸಂಸಾರ ಮಾಡುತ್ತಿರುತ್ತಾರೆ.

ಆಸಿಡ್ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಕಟ್ಟಿಕೊಂಡ ಕಮೋಡಿಗೆ ನೀವು ಬಾಟಲಿಗಟ್ಟಲೆ ಆಸಿಡ್ ಸುರಿಯುತ್ತೀರಿ. ಬಿಡಲಿಲ್ಲವೆಂದು ಬ್ಲೀಚಿಂಗ್ ಪುಡಿಯನ್ನೂ ಹಾಕುತ್ತೀರಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಆಮೇಲೆ ಪ್ಲಂಬರನ್ನು ಕರೆಯುತ್ತೀರಿ, ಸುರಿದದ್ದನ್ನು ಹೇಳುವುದಿಲ್ಲ. ನಮ್ಮ ಅಂಗಡಿಗೆ ಬರುವ ಒಬ್ಬರ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಯಿದೆ. ಯಾರದೋ ಮನೆಯ ಟ್ರ್ಯಾಪ್ ಬಿಚ್ಚಿದಾಗ ಅದರಲ್ಲಿ ನಿಂತಿದ್ದ ಆಸಿಡ್ ಚಿಮ್ಮಿದ್ದು. ಹೇಳಿದ್ದರೆ ಅವರು ಕೈಗವಸು ಹಾಕಿಕೊಳ್ಳುತ್ತಿದ್ದರು, ಮೊದಲು ನೀರು ಬಿಡುತ್ತಿದ್ದರು. ಏನು ಹಾಕಿದ್ದೀರಿ, ಯಾವಾಗ ಹಾಕಿದ್ದೀರಿ ಎಂದು ಬಾಗಿಲಲ್ಲೇ ಹೇಳಿ. ಯಜಮಾನರು ಆಫೀಸಿನಲ್ಲಿದ್ದರೆ ಮನೆಯಲ್ಲಿರುವ ತಾಯಿಗೋ ಕೆಲಸದಾಕೆಗೋ ಅದು ಗೊತ್ತಿರುತ್ತದೆ, ಅವರನ್ನು ಮಾತಾಡಲು ಬಿಡಿ.

ನನ್ನ ಪತ್ರದಲ್ಲಿ ಕೋರಿಕೆಯಲ್ಲದ, ಒತ್ತಾಯವೆನ್ನಬಹುದಾದ ಒಂದು ಮಾತಿದೆ. ಪ್ಲಂಬರನ್ನಾಗಲಿ, ಅವರ ಜೊತೆ ಬಂದ ಹುಡುಗನನ್ನಾಗಲಿ, ಬೇರೆ ಯಾರನ್ನೇ ಆಗಲಿ ಸೆಪ್ಟಿಕ್ ಟ್ಯಾಂಕಿಗೆ, ಮ್ಯಾನ್‌ಹೋಲಿಗೆ ಇಳಿಸಬೇಡಿ. "ಸ್ವಲ್ಪ ಇಳಿದು ನೋಡಪ್ಪಾ, ಐನೂರು ಜಾಸ್ತಿ ಕೊಡ್ತೀನಿ" ಎಂದು ಕೇಳಬೇಡಿ. ಅವರಾಗಿಯೇ ಇಳಿಯುತ್ತೇನೆಂದರೂ ಬೇಡವೆನ್ನಿ. ಆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಮೀಥೇನ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕಸಿಯುತ್ತದೆ, ವಾಸನೆ ಹೋಯಿತು ಎಂದುಕೊಂಡವರು ಅಲ್ಲೇ ಕುಸಿಯುತ್ತಾರೆ. ಎತ್ತಲು ಇಳಿದ ಎರಡನೆಯವರೂ ಏಳುವುದಿಲ್ಲ. ಬಹುದಿನ ಮುಚ್ಚಿಟ್ಟ ಸಂಪು, ಸೆಂಟ್ರಿಂಗ್ ಬಿಚ್ಚದ ಹೊಸ ಸಂಪು ಕೂಡ ಇದೇ ರೀತಿ ಅಪಾಯಕಾರಿ, ಅಲ್ಲಿ ಉಸಿರಾಡುವ ಗಾಳಿಯೇ ಇರುವುದಿಲ್ಲ.

ಇದು ಕಾನೂನಿನ ಮಾತೂ ಹೌದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಯಾವ ವ್ಯಕ್ತಿಯೂ ಇನ್ನೊಬ್ಬರನ್ನು ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೆ ಹಚ್ಚಬಾರದು ಎನ್ನುತ್ತದೆ. "ಯಾವ ವ್ಯಕ್ತಿಯೂ" ಎಂದರೆ ಮನೆ ಮಾಲೀಕರೂ ಸೇರಿದರು. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ನಾಡಿಗೆ ಈ ವಿಷಯ ಹೊಸದಲ್ಲ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ನಿಲ್ಲಿಸಲು ಹೊರಟವರು ನಮ್ಮ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಈ ಪದ್ಧತಿಯ ವಿರುದ್ಧ ದೇಶದ ಉದ್ದಗಲಕ್ಕೂ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೋಲಾರದ ಚಿನ್ನದ ಗಣಿ ಊರಿನಲ್ಲಿ. ಅಷ್ಟೆಲ್ಲ ಆದ ನೆಲದಲ್ಲಿ, ಸಕಿಂಗ್ ಮಷಿನ್ ಬಾಡಿಗೆ ಉಳಿಸಲು ಒಬ್ಬ ಮನುಷ್ಯನನ್ನು ಗುಂಡಿಗಿಳಿಸುವುದು ನಮಗೆ ತಕ್ಕದ್ದಲ್ಲ. ಟ್ಯಾಂಕು ತುಂಬಿದರೆ ಪಾಲಿಕೆಗೋ ಪಂಚಾಯ್ತಿಗೋ ಫೋನ್ ಮಾಡಿ ಮಷಿನ್ ತರಿಸಿ. ತುಂಬಿಕೊಂಡ ಗಾಡಿ ಅದನ್ನು ಎಲ್ಲಿ ಸುರಿಯುತ್ತದೆ ಎಂದೂ ಕೇಳಿ. ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಮಲವನ್ನು ಸಂಸ್ಕರಿಸುವ ಘಟಕ ಆರಂಭವಾಯಿತು. ನಮ್ಮೂರಲ್ಲಿ ಎಲ್ಲಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಹಳ್ಳಿಯ ಮನೆಯವರಿಗೂ ಎರಡು ಮಾತು. ಸ್ವಚ್ಛ ಭಾರತದ 12,000 ರೂಪಾಯಿಯಲ್ಲಿ ಶೌಚಾಲಯ ಕಟ್ಟಿಸಿದವರು ಎರಡು ಗುಂಡಿಯ ಜಾಗದಲ್ಲಿ ಒಂದನ್ನೇ ತೋಡಿಸಿದ್ದರೆ ಎರಡನೆಯದನ್ನು ಈಗಲಾದರೂ ತೋಡಿಸಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಒಂದೂವರೆ ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ಗೊಬ್ಬರವಾಗಿರುತ್ತದೆ, ಯಾರೂ ಹಸಿ ಮಲ ಎತ್ತಬೇಕಿಲ್ಲ. ಗುಂಡಿಯ ತಳಕ್ಕೆ ಸಿಮೆಂಟು ಹಾಕಿಸಬೇಡಿ, ಸ್ನಾನದ ನೀರನ್ನು ಅದಕ್ಕೆ ಬಿಡಬೇಡಿ. ಕಟ್ಟುವವರಿಗೆ ಇದು ತಿಳಿದಿದೆಯೇ ಎಂದು ಕೇಳಿಯೇ ಕೆಲಸ ಕೊಡಿ.

ಕೊನೆಗೆ, ಕೆಲಸಕ್ಕೆ ಬಂದವರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ. ಮನೆಯ ಮೂರು ಶೌಚಾಲಯಗಳನ್ನು ಫಿಟ್ ಮಾಡಿದ ಪ್ಲಂಬರ್ ಮೂತ್ರಕ್ಕೆ ಖಾಲಿ ಸೈಟು ಹುಡುಕಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಟೀ ಕೊಡುವಾಗ ಎಲ್ಲರಿಗೂ ಸ್ಟೀಲ್ ಲೋಟ, ಅವರಿಗೆ ಮಾತ್ರ ಪೇಪರ್ ಕಪ್ಪು ಬರುವುದನ್ನು ಕಂಡಿದ್ದೇನೆ. ಮೂವತ್ತು ವರ್ಷ ಕಸುಬು ಮಾಡಿದ ಹಿರಿಯರನ್ನು ಇಪ್ಪತ್ತೆರಡರ ಹುಡುಗರು "ಬಾರಯ್ಯ, ಹೋಗಯ್ಯ" ಎನ್ನುವುದನ್ನು ಕೇಳಿದ್ದೇನೆ. ಮಲದ ಪೈಪು ಮುಟ್ಟಿದ್ದಕ್ಕಾಗಿ ಒಬ್ಬರನ್ನು ದೂರ ಇಡುವ ಹಳೇ ರೋಗ ಇದು, ನಾವು ಒಪ್ಪಿಕೊಳ್ಳದಿದ್ದರೂ ಇದೆ. ಅವರಿಗೆ ಸೋಪು, ಟವೆಲ್ಲು ಕೊಡಿ. ಕೆಲಸ ಮುಗಿದ ಶೌಚಾಲಯವನ್ನು ಅವರೂ ಬಳಸಲಿ. ನಿಮ್ಮ ಲೋಟದಲ್ಲೇ ನೀರು ಕೊಡಿ. ಹೆಸರು ಕೇಳಿ, ಬಹುವಚನದಲ್ಲಿ ಮಾತಾಡಿಸಿ. ಕೂಲಿಯನ್ನು ಅಂದೇ ಕೊಡಿ. "ಯಜಮಾನರು ಬರಲಿ" ಎಂದು ಅಲೆಸಬೇಡಿ.

ನನ್ನ ಕಡೆಯಿಂದಲೂ ಒಂದು ಮಾತು ಕೊಡುತ್ತೇನೆ. ನಮ್ಮ ಅಂಗಡಿಯಲ್ಲಿ ಟ್ರ್ಯಾಪಿನ ಅಳತೆ ಕೇಳದೆ ಕಮೋಡಿಗೆ ಬಿಲ್ಲು ಹಾಕುವುದಿಲ್ಲ. ಅಳತೆ ಗೊತ್ತಿಲ್ಲದೆ ಬಂದವರಿಗೆ, ನಿಮ್ಮ ಪ್ಲಂಬರ್ ಜೊತೆ ನಾಳೆ ಬನ್ನಿ ಎಂದು ಹೇಳಿ ಕಳಿಸುತ್ತೇವೆ. ಬೇಸರಪಟ್ಟು ಬೇರೆ ಅಂಗಡಿಗೆ ಹೋಗುವವರು ಹೋಗಲಿ. ಬರುವಾಗ ಮನೆಯಲ್ಲಿ ಅದನ್ನು ದಿನಾ ತೊಳೆಯುವವರು ಯಾರೋ ಅವರನ್ನೂ ಕರೆತನ್ನಿ. ಎಲ್ಲಿ ಕೊಳೆ ನಿಲ್ಲುತ್ತದೆ, ಎಲ್ಲಿ ಬ್ರಷ್ ಹೋಗುವುದಿಲ್ಲ ಎಂದು ನಮ್ಮೆಲ್ಲರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೂತು ಮಾತಾಡಲು ಕುರ್ಚಿಗಳಿವೆ, ಸಂಜೆ ಏಳರವರೆಗೆ ಬಾಗಿಲು ತೆರೆದಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,

ಸ್ಯಾನಿಟರಿ ಅಂಗಡಿಯ ಒಬ್ಬ ವ್ಯಾಪಾರಿ
ದಾವಣಗೆರೆ